ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೆ ಜಾಲತಾಣ: ಯಾವ ಹೋಸ್ಟಿಂಗ್, ಯಾರ ಹೆಸರಿನಲ್ಲಿ?

ಮಸಿಕುಡಿಕೆ (ತುಮಕೂರು)

ತುಮಕೂರಿನ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ನಮ್ಮ ವಿಭಾಗದಿಂದ ತಿಂಗಳಿಗೊಂದು ಪ್ರಾಯೋಗಿಕ ಪತ್ರಿಕೆ ಹೊರಡುತ್ತದೆ. ನಾಲ್ಕು ಪುಟ, 300 ಪ್ರತಿ. ಅರ್ಧದಷ್ಟು ಕಾಲೇಜಿನಲ್ಲಿ ಹಂಚಿಹೋಗುತ್ತದೆ, ಉಳಿದದ್ದು ನನ್ನ ಬೀರುವಿನಲ್ಲಿ ಧೂಳು ತಿನ್ನುತ್ತದೆ. ಜಾಲತಾಣ ಬೇಕೆಂದು ಮಕ್ಕಳು ಎರಡು ವರ್ಷದಿಂದ ಬೆನ್ನು ಬಿದ್ದಿದ್ದಾರೆ.

ಹಿಂದೆ ಒಂದು ಇತ್ತು. 2019ರಲ್ಲಿ ಅಂತಿಮ ವರ್ಷದ ಹುಡುಗನೊಬ್ಬ ಮಾಡಿಕೊಟ್ಟಿದ್ದ. ಡೊಮೇನ್ (ಜಾಲತಾಣದ ವಿಳಾಸದ ಹೆಸರು) ಅವನ ಹೆಸರಿನಲ್ಲಿ, ಪಾವತಿ ಅವನ ಕಾರ್ಡಿನಲ್ಲಿ, ಪಾಸ್‌ವರ್ಡ್ ಅವನ ತಲೆಯಲ್ಲಿ. ಈಗ ಅವನು ದುಬೈಯಲ್ಲಿದ್ದಾನೆ. ಆ ವಿಳಾಸ ತೆರೆದರೆ ಇಸ್ಪೀಟಿನ ಜಾಹೀರಾತು ಬರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಸಲ್ಲಿಸಿದ ವರದಿಯಲ್ಲಿ ವಿಭಾಗದ ಸಾಧನೆ ಎಂದು ನಾವು ಬರೆದಿರುವುದು ಅದೇ ವಿಳಾಸವನ್ನು!

ಪ್ರಾಂಶುಪಾಲರು ಈ ವರ್ಷ 6,000 ರೂಪಾಯಿ ಕೊಡಲು ಒಪ್ಪಿದ್ದಾರೆ. ನಿಯಮದಂತೆ ಮೂರು ಕೊಟೇಶನ್ ತರಿಸಿದೆ. ಕಡಿಮೆ ದರದ್ದರಲ್ಲಿ ಹೀಗಿದೆ: ಹೋಸ್ಟಿಂಗ್ (ತಾಣದ ಕಡತಗಳನ್ನು ಇಡುವ ಬಾಡಿಗೆ ಜಾಗ) 1,499, ಎಲ್ಲವೂ ಅನ್‌ಲಿಮಿಟೆಡ್, ಡೊಮೇನ್ ಉಚಿತ, ಎಸ್‌ಎಸ್‌ಎಲ್ (ತಾಣದ ಸಂಪರ್ಕ ಸುರಕ್ಷಿತ ಎನ್ನುವ ಪ್ರಮಾಣಪತ್ರ) 1,800, ನಿರ್ವಹಣೆ 2,000, ಇವುಗಳ ಮೇಲೆ ಶೇ 18 ಜಿಎಸ್‌ಟಿ. ಒಪ್ಪಿಕೊಳ್ಳಬಹುದೇ? ತಿಳಿದವರು ಹೇಳಿ.

ಕೊಬ್ಬರಿ ಮಂಡಿ (ತಿಪಟೂರು)

ಮೇಡಂನವರೇ, ಹೋಸ್ಟಿಂಗ್‌ನಲ್ಲಿ ಅನ್‌ಲಿಮಿಟೆಡ್ ಎಂದರೆ ಮದುವೆ ಮನೆಯ ಊಟ ಇದ್ದ ಹಾಗೆ. ಎಲೆಗೆ ಎಷ್ಟು ಬೇಕಾದರೂ ಬಡಿಸುತ್ತಾರೆ, ಬಕೆಟ್ಟನ್ನೇ ಹೊತ್ತುಕೊಂಡು ಹೊರಟರೆ ಬಾಗಿಲಲ್ಲಿ ಹಿಡಿಯುತ್ತಾರೆ. ಜಾಗಕ್ಕೆ ಮಿತಿಯಿಲ್ಲ ಎನ್ನುತ್ತಾರೆ, ಆದರೆ ಕಡತಗಳ ಸಂಖ್ಯೆಗೆ ಇರುತ್ತದೆ. ಅದಕ್ಕೆ ಐನೋಡ್ ಮಿತಿ ಎಂದು ಹೆಸರು. ಷರತ್ತುಗಳ ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿರುತ್ತಾರೆ.

ತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಒಂದು ಫೋಟೊ ಏರಿಸಿದರೆ ಅದು ತಾನಾಗಿಯೇ ಬೇರೆ ಬೇರೆ ಅಳತೆಯ ಐದಾರು ಪ್ರತಿ ಮಾಡಿಟ್ಟುಕೊಳ್ಳುತ್ತದೆ. ಕಾಲೇಜು ದಿನಾಚರಣೆಯ 200 ಫೋಟೊ ಏರಿಸಿದರೆ ಸಾವಿರಕ್ಕೂ ಮೇಲೆ ಕಡತಗಳಾದವು. ಲೆಕ್ಕ ಹಾಕಿಕೊಳ್ಳಿ.

ಅಂತರಗಂಗೆ (ಕೋಲಾರ)

ಹಣವನ್ನೇ ಕೊಡಬೇಡಿ. ನಮ್ಮ ಬಿಸಿಎ ವಿದ್ಯಾರ್ಥಿಗಳು ಕಾಲೇಜಿನ ಸುದ್ದಿಪತ್ರವನ್ನು ಹ್ಯೂಗೊ ಎಂಬ ತಂತ್ರಾಂಶದಲ್ಲಿ ಕಟ್ಟಿ ಗಿಟ್‌ಹಬ್ ಪೇಜಸ್ ಎಂಬ ಉಚಿತ ಹೋಸ್ಟಿಂಗ್‌ನಲ್ಲಿ ಇಟ್ಟಿದ್ದಾರೆ. ಖರ್ಚು ಸೊನ್ನೆ. ತಾಣದ ಗಾತ್ರ 1 ಜಿಬಿ ದಾಟಬಾರದು, ತಿಂಗಳಿಗೆ 100 ಜಿಬಿ ದತ್ತಾಂಶ ಹರಿಯುವವರೆಗೆ ಅವರು ತಕರಾರು ಮಾಡುವುದಿಲ್ಲ. ಕ್ಲೌಡ್‌ಫ್ಲೇರ್ ಪೇಜಸ್ ಆದರೆ 20,000 ಕಡತಗಳವರೆಗೆ ಉಚಿತ. ನಾಲ್ಕು ಪುಟದ ಮಾಸಿಕಕ್ಕೆ ಇದು ಹತ್ತು ವರ್ಷಕ್ಕಾಗುವಷ್ಟು ಜಾಗ. ಡೇಟಾಬೇಸ್ ಇಲ್ಲ, ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಪ್ರೋಗ್ರಾಂ ಇಲ್ಲ, ಆದ್ದರಿಂದ ಕನ್ನ ಹಾಕುವವನಿಗೆ ಕಿಟಕಿಯೇ ಇಲ್ಲ. ಸರಳ ಪುಟಗಳಾದ್ದರಿಂದ ಶ್ರೀನಿವಾಸಪುರದ ಮಾವಿನ ತೋಟದ ನಡುವೆ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ತೆರೆದುಕೊಳ್ಳುತ್ತವೆ.

ಮಸಿಕುಡಿಕೆ (ತುಮಕೂರು)

ಸರ್, ಕೇಳಲು ಸೊಗಸಾಗಿದೆ. ಆದರೆ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಬಳಿ ಲ್ಯಾಪ್‌ಟಾಪ್ ಇಲ್ಲ. ಕುಣಿಗಲ್, ಗುಬ್ಬಿ, ಕೊರಟಗೆರೆ ಕಡೆಯಿಂದ ಬಸ್ಸಿನಲ್ಲಿ ಬರುವವರು, ಬಸ್ಸಿನಲ್ಲೇ ಕುಳಿತು ಮೊಬೈಲ್‌ನಲ್ಲಿ ವರದಿ ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಅದಕ್ಕೆ ಬೇಕಾದ ಗಿಟ್ ತಂತ್ರಾಂಶ ಕಲಿಸಬಲ್ಲ ಒಬ್ಬ ಹುಡುಗ ಸಿಕ್ಕರೂ ಅವನು ಮೂರು ವರ್ಷಕ್ಕೆ ಹೊರಡುತ್ತಾನೆ. ಮತ್ತೆ ದುಬೈ ಕಥೆಯೇ.

ಎಂಟನೇ ಪುಟ (ತುಮಕೂರು – ಬೆಂಗಳೂರು)

ಮೇಡಂ, ನಾನು ನಿಮ್ಮ ಊರಿನವನೇ. ಇಂಥದ್ದೇ ಪ್ರಾಯೋಗಿಕ ಪತ್ರಿಕೆಯೊಂದಕ್ಕೆ ಪುಟ ಕಟ್ಟುತ್ತಿದ್ದವನು. ಈಗ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಜಾಲತಾಣಗಳನ್ನು ದುರಸ್ತಿ ಮಾಡುವ ಕೆಲಸ ಮಾಡುತ್ತೇನೆ. ಕೆಟ್ಟುಹೋದ ಕಾಲೇಜು ಪತ್ರಿಕೆಯ ತಾಣಗಳನ್ನು ಸಾಕಷ್ಟು ನೋಡಿದ್ದೇನೆ. ಸರ್ವರ್ ದುರ್ಬಲವಾಗಿದ್ದರಿಂದ ಸತ್ತ ಒಂದನ್ನೂ ನೋಡಿಲ್ಲ. ಎಲ್ಲವೂ ಸತ್ತಿದ್ದು ಬೀಗದ ಕೈ ಯಾರ ಬಳಿ ಇದೆ ಎಂದು ತಿಳಿಯದೆ.

ಡೊಮೇನ್ ಎಂದರೆ ಪಹಣಿ, ಹೋಸ್ಟಿಂಗ್ ಎಂದರೆ ಆ ನೆಲದ ಮೇಲೆ ಹಾಕಿದ ಶೆಡ್. ಶೆಡ್ ಬಿದ್ದರೆ ಇನ್ನೊಂದು ಹಾಕಿಕೊಳ್ಳಬಹುದು. ಪಹಣಿ ಬೇರೆಯವರ ಹೆಸರಿಗೆ ಹೋದರೆ ನೀವು ಬೇಲಿಯಾಚೆ ನಿಂತು ನೋಡಬೇಕು. ನಿಮ್ಮ ಹಳೆಯ ವಿಳಾಸಕ್ಕೆ ಆಗಿರುವುದೂ ಇದೇ. ಅವಧಿ ಮುಗಿದ ಮೇಲೆ ನೋಂದಣಿ ಮಾಡಿಕೊಡುವ ಕಂಪನಿಯವರು ಸ್ವಲ್ಪ ಕಾಲಾವಕಾಶ ಕೊಡುತ್ತಾರೆ, ಅದೂ ಕಳೆದರೆ ಹೆಸರು ಮತ್ತೆ ಮಾರುಕಟ್ಟೆಗೆ ಬರುತ್ತದೆ. ಬೇರೆ ತಾಣಗಳಿಂದ ಕೊಂಡಿಗಳು ಬಂದಿರುವ ಹೆಸರುಗಳಿಗಾಗಿ ಹದ್ದಿನಂತೆ ಕಾಯುವವರಿದ್ದಾರೆ. ಕಾಲೇಜಿನ ಕೊಂಡಿ ಇದ್ದ ಹೆಸರು ಅವರಿಗೆ ಹಬ್ಬದೂಟ.

ಆದ್ದರಿಂದ ಕೊಟೇಶನ್‌ನಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು "ಡೊಮೇನ್ ಉಚಿತ" ಎಂಬ ಸಾಲು. ಉಚಿತವಾಗಿ ಕೊಡುವವರು ಸಾಮಾನ್ಯವಾಗಿ ಅದನ್ನು ತಮ್ಮ ಖಾತೆಯಲ್ಲೇ ನೋಂದಾಯಿಸುತ್ತಾರೆ. ಮುಂದಿನ ವರ್ಷ ನೀವು ಬೇರೆ ಕಡೆ ಹೋಗುತ್ತೇನೆ ಎಂದರೆ ವರ್ಗಾವಣೆ ಸಂಕೇತ ಕೊಡಲು ಸತಾಯಿಸುತ್ತಾರೆ. ಡೊಮೇನನ್ನು ನೀವೇ, ಕಾಲೇಜಿನ ಹೆಸರಿನಲ್ಲಿ, ವಿಭಾಗದ ಇಮೇಲ್‌ನಿಂದ ನೇರವಾಗಿ ಕೊಳ್ಳಿ. ಒಂದೇ ಸಲಕ್ಕೆ ಹತ್ತು ವರ್ಷದವರೆಗೆ ನೋಂದಾಯಿಸಲು ಅವಕಾಶವಿದೆ. ಅನುದಾನ ಕೈಯಲ್ಲಿರುವಾಗಲೇ ಸಾಧ್ಯವಾದಷ್ಟು ವರ್ಷಕ್ಕೆ ಕಟ್ಟಿಬಿಡಿ. ಮುಂದಿನ ಪ್ರಾಂಶುಪಾಲರಿಗೆ ಪತ್ರಿಕೆ ಎಂದರೆ ಆಗುತ್ತದೋ ಇಲ್ಲವೋ, ಯಾರು ಕಂಡರು?

ಇನ್ನು 1,800 ರೂಪಾಯಿಯ ಎಸ್‌ಎಸ್‌ಎಲ್. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಹಲವು ವರ್ಷಗಳಿಂದ ಈ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತಿದೆ. 90 ದಿನಕ್ಕೊಮ್ಮೆ ನವೀಕರಿಸಬೇಕು, ಅದನ್ನು ಸರ್ವರ್ ತಾನೇ ಮಾಡಿಕೊಳ್ಳುತ್ತದೆ. ಪತ್ರಿಕೆಯಂಥ ತಾಣಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ.

1,499 ಎನ್ನುವುದು ಮೊದಲ ವರ್ಷದ ಬೆಲೆ. ನವೀಕರಣದ ಬೆಲೆ ಎಷ್ಟು ಎಂದು ಅದೇ ಕಾಗದದ ಮೇಲೆ ಬರೆಸಿಕೊಂಡು ಮುದ್ರೆ ಹಾಕಿಸಿ. ನಾನು ಕಂಡ ಒಂದು ಬಿಲ್ಲಿನಲ್ಲಿ ಎರಡನೇ ವರ್ಷ ಅದು ಮೂರು ಪಟ್ಟಾಗಿತ್ತು.

ಹಣ ಕಟ್ಟುವ ದಾರಿಯನ್ನು ಯಾರೂ ಯೋಚಿಸುವುದಿಲ್ಲ. ಹೊರದೇಶದ ಹಲವು ಕಂಪನಿಗಳು ಕಾರ್ಡ್ ಕೇಳುತ್ತವೆ. ಕಾಲೇಜು ಕಚೇರಿ ಚೆಕ್ ಕೊಡುತ್ತದೆ. ಹೀಗಾಗಿ ಯಾರಾದರೂ ಮೇಷ್ಟರು ತಮ್ಮ ಕಾರ್ಡ್ ಕೊಡುತ್ತಾರೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ, ಕ್ರಮವಾಗಿ ಒಪ್ಪಿಗೆ ನೋಂದಾಯಿಸದ ಸ್ವಯಂಚಾಲಿತ ಕಡಿತಗಳು ನಿಂತುಹೋದವು. "ಆಟೊ ರಿನ್ಯೂವಲ್ ಹಾಕಿದ್ದೇನಲ್ಲ" ಎಂದು ನಿಶ್ಚಿಂತರಾಗಿದ್ದವರ ತಾಣಗಳು ಆ ವರ್ಷ ಸಾಲಾಗಿ ಮಲಗಿದವು. ಎಚ್ಚರಿಕೆಯ ಪತ್ರಗಳು ಯಾರೂ ತೆರೆಯದ ಇಮೇಲ್‌ಗೆ ಹೋಗುತ್ತಿದ್ದವು, ಒಟಿಪಿ ಊರು ಬಿಟ್ಟವರ ಮೊಬೈಲ್‌ಗೆ.

ಕೊನೆಗೆ ಹೋಸ್ಟಿಂಗ್. ನನ್ನ ಸಲಹೆ ಕೇಳಿ ಕೆಲವರು ನಗುತ್ತಾರೆ, ನಗಲಿ. ಹೋಸ್ಟಿಂಗ್ ಕೊಳ್ಳಲೇಬೇಡಿ, ಬರಹ ಪ್ರಕಟಿಸುವ ಉಚಿತ ಸೇವೆಯಾದ ಬ್ಲಾಗರ್ ಬಳಸಿ. ಹೌದು, ಅದೇ ಹಳೆಯ ಬ್ಲಾಗರ್. 2003ರಿಂದ ಗೂಗಲ್ ಕೈಯಲ್ಲಿದೆ. ನಿಮ್ಮದೇ ಡೊಮೇನನ್ನು ಉಚಿತವಾಗಿ ಜೋಡಿಸಬಹುದು, ಡಿಎನ್‌ಎಸ್‌ನಲ್ಲಿ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಪಟ್ಟಿ) ಒಂದೆರಡು ಸಾಲು ಸೇರಿಸಿದರೆ ಆಯಿತು. ಒಂದು ತಾಣಕ್ಕೆ 100 ಲೇಖಕರವರೆಗೆ ಸೇರಿಸಬಹುದು. ಮೊಬೈಲ್‌ನ ಬ್ರೌಸರ್‌ನಲ್ಲೇ ಸುದ್ದಿ ಏರಿಸಬಹುದು. ಪ್ಲಗಿನ್ (ತಾಣಕ್ಕೆ ಜೋಡಿಸುವ ಪುಟ್ಟ ತಂತ್ರಾಂಶ) ಇಲ್ಲ, ಆದ್ದರಿಂದ ಅದನ್ನು ಅಪ್‌ಡೇಟ್ ಮಾಡದೆ ಬಿಟ್ಟು ಕೆಡಿಸುವ ಪ್ರಶ್ನೆಯೂ ಇಲ್ಲ. ನೋಡಲು ಸ್ವಲ್ಪ ಹಳೆಯ ಕಾಲದ್ದು ಎನ್ನಿಸಬಹುದು. ನಾಲ್ಕು ಪುಟದ ಪತ್ರಿಕೆಗೆ ಮದುಮಗಳ ಸಿಂಗಾರ ಏಕೆ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ನಾನಿನ್ನೂ ವಿದ್ಯಾರ್ಥಿನಿ, ಎರಡನೇ ವರ್ಷ. ನಮ್ಮ ಪತ್ರಿಕೆಯ ಸಂಪಾದಕ ಬಳಗದಲ್ಲಿದ್ದೇನೆ. ಅಗ್ಗದ ಹೋಸ್ಟಿಂಗ್ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಸಂಜೆ ಬಸ್ ನಿಲ್ಲಿಸದೆ ಹೋಗುವ ಬಗ್ಗೆ ನಮ್ಮ ಸಹಪಾಠಿ ಬರೆದ ವರದಿ ಒಂದು ರಾತ್ರಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಹಬ್ಬಿತು. ದಿನಕ್ಕೆ ನಲವತ್ತು ಜನ ಓದುತ್ತಿದ್ದ ತಾಣಕ್ಕೆ ಒಮ್ಮೆಲೇ ನೂರಾರು ಜನ ನುಗ್ಗಿದರು. ರಾತ್ರಿ ಎಂಟೂವರೆಗೆ ಬಿಳಿ ಪರದೆಯ ಮೇಲೆ "508, ಸಂಪನ್ಮೂಲ ಮಿತಿ ತಲುಪಿದೆ" ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದು ನಿಂತಿತು. ಬರೆದ ಹುಡುಗಿ ಅಮ್ಮನಿಗೆ ತೋರಿಸಬೇಕೆಂದು ಮೊಬೈಲ್ ಹಿಡಿದು ಕಾದಳು. ಅವರ ಮನೆಯವರೆಲ್ಲ ಮಲಗಿದ ಮೇಲೆ ತಾಣ ಎದ್ದಿತು.

ಇನ್ನೊಂದು ಪ್ರಶ್ನೆ. ನಮ್ಮ ಕಾಲೇಜಿನವರು "ಹೊರಗೆ ಏಕೆ ಹೋಗುತ್ತೀರಿ, ಕಾಲೇಜಿನ ಜಾಲತಾಣದ ಒಳಗೇ ಒಂದು ಮೂಲೆ ಕೊಡುತ್ತೇವೆ" ಎನ್ನುತ್ತಿದ್ದಾರೆ. ಹಣದ ಚಿಂತೆ ತಪ್ಪುತ್ತದೆ. ಆದರೆ ಹಾಸ್ಟೆಲ್ ಊಟದ ಬಗ್ಗೆ ಬರೆದ ದಿನ ಆ ಮೂಲೆ ಇರುತ್ತದೆಯೇ?

ಎಂಟನೇ ಪುಟ (ತುಮಕೂರು – ಬೆಂಗಳೂರು)

508ರ ಮರ್ಮ ಹೀಗೆ. ವರ್ಡ್‌ಪ್ರೆಸ್ ಪ್ರತಿ ಓದುಗನಿಗೂ ಪುಟವನ್ನು ಹೊಸದಾಗಿ ಬೇಯಿಸಿ ಬಡಿಸುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಏಕಕಾಲಕ್ಕೆ ಇಷ್ಟೇ ಒಲೆ ಎಂದು ಮಿತಿ ಇರುತ್ತದೆ. ಕ್ಯಾಶ್ ಪ್ಲಗಿನ್ ಹಾಕಿದರೆ ಒಮ್ಮೆ ಬೇಯಿಸಿದ್ದನ್ನೇ ಎಲ್ಲರಿಗೂ ಬಡಿಸುತ್ತದೆ. ನಿಮ್ಮ ತಾಣದಲ್ಲಿ ಅದು ಇರಲಿಲ್ಲ ಎಂದು ಕಾಣುತ್ತದೆ. ಫೋಟೊಗಳನ್ನು ಮೊಬೈಲ್‌ನಿಂದ ಬಂದ ಹಾಗೆಯೇ ಏರಿಸಬೇಡಿ. 5 ಎಂಬಿ ಚಿತ್ರವನ್ನು 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ಅದು ಒಂದೆರಡು ನೂರು ಕೆಬಿಗೆ ಬರುತ್ತದೆ, ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ.

ಎರಡನೆಯದಕ್ಕೆ ನೇರ ಉತ್ತರ: ಇರುವುದಿಲ್ಲ ಎಂದುಕೊಂಡೇ ಲೆಕ್ಕ ಹಾಕಿ. ದುರುದ್ದೇಶವೇ ಬೇಕಾಗಿಲ್ಲ. ಕಾಲೇಜು ಮೂರ್ನಾಲ್ಕು ವರ್ಷಕ್ಕೊಮ್ಮೆ ಜಾಲತಾಣವನ್ನು ಹೊಸ ಗುತ್ತಿಗೆದಾರನಿಗೆ ವಹಿಸುತ್ತದೆ. ಅವನು ಹಳೆಯದನ್ನು ಗುಡಿಸಿ ಹೊಸ ಚಿತ್ರಗಳನ್ನು ಹಾಕುತ್ತಾನೆ. ಗುಡಿಸಿದ ಕಸದಲ್ಲಿ ಪತ್ರಿಕೆಯೂ ಹೋಗುತ್ತದೆ. ಎಸಿ ಡಾಟ್ ಇನ್ ಹೆಸರುಗಳನ್ನು ಎರ್ನೆಟ್ ಇಂಡಿಯಾ ಸಂಸ್ಥೆ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ಆ ಹೆಸರಿಗೆ ಗೌರವ ಇದೆ, ನಿಜ. ಆದರೆ ಅದರ ಬೀಗ ಕಚೇರಿಯ ಕೈಯಲ್ಲಿ. ಕಾಲೇಜಿನ ತಾಣದಿಂದ ನಿಮ್ಮ ವಿಳಾಸಕ್ಕೆ ಒಂದು ಕೊಂಡಿ ಹಾಕಿಸಿಕೊಳ್ಳಿ, ಅಷ್ಟು ಸಾಕು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಹಾಗಾದರೆ ಮೇಡಂಗೆ ಕಾಲೇಜಿನ ಹೆಸರಿನಲ್ಲಿ ಡೊಮೇನ್ ಕೊಳ್ಳಿ ಎಂದಿರಲ್ಲ, ಅಣ್ಣ? ಅದೂ ಕಚೇರಿಯ ಕೈಗೇ ಹೋಗುತ್ತದೆ.

ಎಂಟನೇ ಪುಟ (ತುಮಕೂರು – ಬೆಂಗಳೂರು)

ಸರಿಯಾಗಿ ಹಿಡಿದಿರಿ. ಹೆಸರು ಕಾಲೇಜಿನದು, ಲಾಗಿನ್ ವಿಭಾಗದ್ದು ಎಂದು ನನ್ನ ಲೆಕ್ಕ. ವಿದ್ಯಾರ್ಥಿಯ ಹೆಸರಿನಲ್ಲಿ ಬೇಡ, ಅವರು ಹೋಗಿಬಿಡುತ್ತಾರೆ. ಮೇಷ್ಟರ ಹೆಸರಿನಲ್ಲೂ ಬೇಡ, ವರ್ಗಾವಣೆ ಇದೆ. ಸಂಸ್ಥೆಯ ಹೆಸರಿನಲ್ಲಿ ಅಪಾಯ ಇಲ್ಲ ಎನ್ನುವುದಿಲ್ಲ, ಆದರೆ ಮೂರರಲ್ಲಿ ಇದು ಹೆಚ್ಚು ಕಾಲ ಬಾಳುತ್ತದೆ. ಕಿತ್ತುಹಾಕಿದರೂ ಉಳಿಯಬೇಕೆಂದರೆ ಪ್ರತಿ ಸಂಚಿಕೆಯ ಪಿಡಿಎಫ್ ಅನ್ನು ಜಾಲದ ಹಳೆಯ ಪುಟ, ಪುಸ್ತಕಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ. ಅದು ಉಚಿತ.

ಅಂತರಗಂಗೆ (ಕೋಲಾರ)

ಬ್ಲಾಗರ್ ಸಲಹೆಗೆ ನನ್ನ ತಕರಾರಿದೆ. ಗೂಗಲ್ ಎಷ್ಟು ಸೇವೆಗಳನ್ನು ಮುಚ್ಚಿಲ್ಲ? ಜೊತೆಗೆ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು 2023ರಲ್ಲಿ ತಂದಿದ್ದಾರೆ. ನಡುವೆ ಒಂದು ತಂಡ ಸೋಮಾರಿಯಾದರೆ ಮುಗಿಯಿತು.

ಎಂಟನೇ ಪುಟ (ತುಮಕೂರು – ಬೆಂಗಳೂರು)

ಒಪ್ಪುತ್ತೇನೆ. ಆ ನಿಯಮ ಸಂಸ್ಥೆಗಳ ಖಾತೆಗೆ ಅನ್ವಯಿಸುವುದಿಲ್ಲ. ಕಾಲೇಜಿಗೆ ಗೂಗಲ್‌ನ ಶೈಕ್ಷಣಿಕ ಖಾತೆ ಇದ್ದರೆ ಅದರಿಂದಲೇ ತೆರೆಯಿರಿ. ನಿರ್ವಾಹಕರು ಬ್ಲಾಗರ್ ಸೇವೆಯನ್ನು ಚಾಲೂ ಮಾಡಿಕೊಡಬೇಕಾಗುತ್ತದೆ. ಸೇವೆಯೇ ಮುಚ್ಚಿದರೆ ಬರಹಗಳನ್ನೆಲ್ಲ ಕಡತವಾಗಿ ಇಳಿಸಿಕೊಂಡು ವರ್ಡ್‌ಪ್ರೆಸ್‌ಗೆ ಸಾಗಿಸಬಹುದು. ಪಹಣಿ ನಿಮ್ಮದೇ ಇರುವಾಗ ಶೆಡ್ ಬದಲಾಯಿಸುವುದು ಒಂದು ಭಾನುವಾರದ ಕೆಲಸ.

ಕೊಬ್ಬರಿ ಮಂಡಿ (ತಿಪಟೂರು)

ನೀವೆಲ್ಲ ಸರ್ವರ್ ಬಗ್ಗೆಯೇ ಹೊಡೆದಾಡುತ್ತಿದ್ದೀರಿ. ನಾನು ಮೂವತ್ತು ವರ್ಷದಿಂದ ಡಿಟಿಪಿ ಮಾಡಿಕೊಂಡು ಬಂದವನು, ಒಂದು ಮಾತು. ಮೇಡಂನವರೇ, ನಿಮ್ಮ ಪತ್ರಿಕೆಯ ಪುಟ ಕಟ್ಟುವುದು ಯಾವುದರಲ್ಲಿ? ಪೇಜ್‌ಮೇಕರ್‌ನಲ್ಲಿ, ಹಳೆಯ ನುಡಿ ಅಕ್ಷರದಲ್ಲಿ ಎಂದಾದರೆ ಆ ಬರಹವನ್ನು ನಕಲು ಮಾಡಿ ಜಾಲತಾಣಕ್ಕೆ ಅಂಟಿಸಿ ನೋಡಿ. ಕನ್ನಡದ ಬದಲು ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟುತ್ತವೆ. ಅದು ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್. ಪಿಡಿಎಫ್ ಮಾಡಿ ಏರಿಸಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ.

ಪರಿವರ್ತಕ ತಂತ್ರಾಂಶಗಳಿವೆ. ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ಎಡವುತ್ತವೆ, ಒಬ್ಬರು ಕುಳಿತು ಕರಡು ತಿದ್ದಲೇಬೇಕು. ಅದಕ್ಕಿಂತ ಸುಲಭದ ದಾರಿ ನಿಮ್ಮ ಮಕ್ಕಳ ಕೈಯಲ್ಲೇ ಇದೆ. ಅವರು ಬಸ್ಸಿನಲ್ಲಿ ಕುಳಿತು ಮೊಬೈಲ್‌ನಲ್ಲಿ ಬರೆಯುವುದು ಯೂನಿಕೋಡ್‌ನಲ್ಲೇ. ಮೊದಲು ಅದನ್ನು ತಿದ್ದಿ ಜಾಲಕ್ಕೆ ಹಾಕಿ, ಆಮೇಲೆ ಅಚ್ಚಿಗೆ ಕೊಡಿ. ನಮ್ಮಲ್ಲಿ ಎಲ್ಲರೂ ಉಲ್ಟಾ ಮಾಡುತ್ತಾರೆ.

ಮಸಿಕುಡಿಕೆ (ತುಮಕೂರು)

ಪೇಜ್‌ಮೇಕರ್, ನುಡಿ. ನಮ್ಮ ಪ್ರಯೋಗಾಲಯದಲ್ಲಿ ಕೂತು ನೋಡಿದ ಹಾಗೆ ಹೇಳಿದಿರಿ!

ಅಂತರಗಂಗೆ (ಕೋಲಾರ)

ಕನ್ನಡದ ವಿಷಯ ಬಂದದ್ದರಿಂದ ಇನ್ನೆರಡು ಗುಂಡಿ ತೋರಿಸುತ್ತೇನೆ, ನಾನೇ ಬಿದ್ದು ಎದ್ದವು.

ಮೊದಲನೆಯದು ಡೇಟಾಬೇಸ್. ಹ್ಯೂಗೊಗೆ ಬರುವ ಮೊದಲು ನಮ್ಮದೂ ವರ್ಡ್‌ಪ್ರೆಸ್ಸೇ. ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಅಕ್ಷರ ಸಂಕೇತ ಹೊಂದಲಿಲ್ಲ. ಹಳೆಯದು ಲ್ಯಾಟಿನ್ 1, ಹೊಸದು ಯುಟಿಎಫ್ 8. ಬೆಳಿಗ್ಗೆ ತೆರೆದರೆ ಶೀರ್ಷಿಕೆಯಿಂದ ಕೊನೆಯ ಸಾಲಿನವರೆಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ನಡುನಡುವೆ ಇಂಗ್ಲಿಷ್ ಅಂಕಿಗಳು ಮಾತ್ರ ಬದುಕುಳಿದಿದ್ದವು, ಟೊಮೆಟೊ ದರದ ಸುದ್ದಿಯಲ್ಲಿ ದರವಷ್ಟೇ ಇತ್ತು, ಟೊಮೆಟೊ ಇರಲಿಲ್ಲ. ಪ್ರಶ್ನಾರ್ಥಕವಾಗಿ ಉಳಿದದ್ದು ಮತ್ತೆ ಕನ್ನಡವಾಗುವುದಿಲ್ಲ. ಹೋಸ್ಟಿಂಗ್ ಕೊಳ್ಳುವುದೇ ಆದರೆ ಡೇಟಾಬೇಸ್ ಯುಟಿಎಫ್8ಎಂಬಿ4 ಆಗಿದೆಯೇ ಎಂದು ಮೊದಲ ದಿನವೇ ನೋಡಿ. ಹೆಸರು ವಿಚಿತ್ರವಾಗಿದೆ, ನಾನೇನು ಮಾಡಲಿ.

ಎರಡನೆಯದು ವಿಳಾಸ. ಕನ್ನಡ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನೇ ವಿಳಾಸವಾಗಿಸುತ್ತದೆ. ಕನ್ನಡದ ಒಂದೊಂದು ಸಂಕೇತವೂ, ಗುಣಿತ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಸಹಿತ, ವಿಳಾಸದೊಳಗೆ 9 ಅಕ್ಷರದಷ್ಟು ಜಾಗ ತಿನ್ನುತ್ತದೆ. ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200. ಅಂದರೆ 22 ಸಂಕೇತ. "ವಿದ್ಯಾರ್ಥಿನಿಲಯದಲ್ಲಿ" ಎಂಬ ಒಂದೇ ಪದಕ್ಕೆ 19 ಆದವು. "ವಿದ್ಯಾರ್ಥಿನಿಲಯದಲ್ಲಿ ನೀರಿಲ್ಲ" ಎಂಬ ಶೀರ್ಷಿಕೆ ವಿಳಾಸದಲ್ಲಿ "ವಿದ್ಯಾರ್ಥಿನಿಲಯದಲ್ಲಿ-ನೀರ" ಎಂದು ನಿಂತುಬಿಡುತ್ತದೆ. ವಾರ್ಡನ್ ಸಾಹೇಬರಿಗೆ ಬಹಳ ಹಿತವಾದ ವಿಳಾಸ. ಬ್ಲಾಗರ್ ಇನ್ನೊಂದು ತುದಿ, ಕನ್ನಡವನ್ನು ಪೂರ್ತಿ ಬಿಟ್ಟು "ಬ್ಲಾಗ್ ಪೋಸ್ಟ್" ಎಂದು ಒಂದು ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಎರಡರಲ್ಲೂ ಪ್ರಕಟಿಸುವ ಮೊದಲೇ ಇಂಗ್ಲಿಷ್ ಲಿಪಿಯಲ್ಲಿ ಮೂರು ನಾಲ್ಕು ಪದದ ವಿಳಾಸವನ್ನು ಕೈಯಾರೆ ಬರೆಯಿರಿ.

ಹ್ಯೂಗೊ ಬಗ್ಗೆ ನನ್ನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಮೇಡಂ ಅವರ ಬಸ್ಸಿನ ಮಕ್ಕಳಿಗೆ ಅದು ಹೊಂದುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮಸಿಕುಡಿಕೆ (ತುಮಕೂರು)

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಮೂರೂ ಕೊಟೇಶನ್‌ಗಳನ್ನು ವಾಪಸ್ ಮಾಡಿದೆ. ಡೊಮೇನನ್ನು ಐದು ವರ್ಷಕ್ಕೆ ಕೊಳ್ಳುತ್ತಿದ್ದೇವೆ, ಕಾಲೇಜಿನ ಹೆಸರಿನಲ್ಲಿ. ತಾಣ ಬ್ಲಾಗರ್‌ನಲ್ಲಿ. ಹತ್ತು ವರ್ಷಕ್ಕೆ ಎಂದಾಗ ಲೆಕ್ಕ ವಿಭಾಗದವರು "ಇಷ್ಟು ಮುಂಗಡ ಏಕೆ, ಆಡಿಟ್‌ನಲ್ಲಿ ಕೇಳುತ್ತಾರೆ" ಎಂದರು, ಐದಕ್ಕೆ ಇಳಿದೆವು. ಲಾಗಿನ್ ವಿವರವನ್ನು ಎರಡು ಪ್ರತಿ ಬರೆದು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದ್ದೇವೆ. ಒಂದು ಪ್ರಾಂಶುಪಾಲರ ಕಪಾಟಿನಲ್ಲಿ, ಒಂದು ವಿಭಾಗದ ದಾಸ್ತಾನು ಪುಸ್ತಕದ ಜೊತೆ. ಒಟಿಪಿಗೆ ಕಚೇರಿಯ ಮೊಬೈಲ್ ಕೊಟ್ಟಿದ್ದೇವೆ. ಅದು ಕೀಪ್ಯಾಡ್ ಫೋನ್, ಆದರೆ ಎಸ್‌ಎಮ್‌ಎಸ್ ಬರುತ್ತದೆ, ಸಾಕು.

ಹೆಸರಿನ ಬಗ್ಗೆ ಮಾತ್ರ ಒಂದು ಇಡೀ ಮಧ್ಯಾಹ್ನ ಜಗಳವಾಯಿತು. ಊರಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಹಳೆಯ "ತುಮ್ಕೂರ್" ಎಂದು ಬರೆಯಬೇಕೋ, 2014ರಲ್ಲಿ ಬದಲಾದ "ತುಮಕೂರು" ಎಂದೋ? ಹಳೆಯದು ಚಿಕ್ಕದು, ಜನ ಅದನ್ನೇ ಟೈಪ್ ಮಾಡುತ್ತಾರೆ ಎಂದು ನನ್ನ ವಾದ. ಮಕ್ಕಳು ಕೇಳಲಿಲ್ಲ. ಹೊಸದೇ ಗೆದ್ದಿತು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಮೇಡಂ, ನಿಮ್ಮ ಹಳೆಯ ತಾಣದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹಾಕಿ ನೋಡಿದಿರಾ? ಕೆಲವು ಪುಟಗಳಾದರೂ ಉಳಿದಿರಬಹುದು. ಇಸ್ಪೀಟಿನವರು ಬರುವ ಮೊದಲಿನ ದಿನಾಂಕ ಆರಿಸಿಕೊಳ್ಳಿ.

ಮಸಿಕುಡಿಕೆ (ತುಮಕೂರು)

ಈಗಷ್ಟೇ ನೋಡಿದೆ. ಹನ್ನೊಂದು ಬರಹ ಸಿಕ್ಕವು! ಫೋಟೊಗಳು ಹೋಗಿವೆ, ಚೌಕಟ್ಟು ಮಾತ್ರ ಇದೆ. ಅಮಾನಿಕೆರೆಯ ಬಗ್ಗೆ ಒಬ್ಬ ಹುಡುಗಿ ಬರೆದ ಲೇಖನ ಅರ್ಧಕ್ಕೆ ನಿಂತಿದೆ, "ಮುಂದೆ ಓದಿ" ಒತ್ತಿದರೆ ಏನೂ ಬರುತ್ತಿಲ್ಲ. ಅದು 2020ರ ಜನವರಿ ಸಂಚಿಕೆಯ ಮೂರನೇ ಪುಟ. ನನ್ನ ಬೀರುವಿನಲ್ಲಿ ಡಿಸೆಂಬರ್ ಇದೆ, ಫೆಬ್ರವರಿ ಇದೆ, ಜನವರಿ ಇಲ್ಲ. ಇದನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಆ ಸಂಚಿಕೆ ಇದ್ದರೆ ಮೂರನೇ ಪುಟದ ಫೋಟೊ ತೆಗೆದು ಕಳಿಸಿ.